ಹಳೆಯ ಎಂಪಿಎಫ್‌ಐ (ಇಂಜೆಕ್ಟರ್‌ಗಳು ಪೆಟ್ರೋಲ್ ಸಿಂಪಡಿಸುವ) ಕಾರು ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವುದೇಕೆ?

ಸೆಲ್ಫ್ ಚುರುಕಾಗಿ ತಿರುಗುತ್ತಿದ್ದರೆ ಹೆಚ್ಚಾಗಿ ಎರಡರಲ್ಲೊಂದು: ರಾತ್ರಿ ಪೆಟ್ರೋಲ್ ಲೈನಿನ ಒತ್ತಡ ಇಳಿದಿರುತ್ತದೆ, ಇಲ್ಲವೇ ಎಂಜಿನ್ ತಂಪಿಡುವ ದ್ರವದ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ತಪ್ಪು ತಾಪಮಾನ ಹೇಳುತ್ತಿರುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು, ಅದಕ್ಕೇ ಹೆಚ್ಚು ಸುರಿಯಬೇಕು. ಸೆನ್ಸರ್ ‘ಬಿಸಿ ಇದೆ’ ಅಂದರೆ ಇಸಿಎಂ, ಅಂದರೆ ಎಂಜಿನ್‌ನ ಕಂಪ್ಯೂಟರ್, ಪೆಟ್ರೋಲ್ ಕೊಡಲು ಕೈ ಬಿಗಿಹಿಡಿಯುತ್ತದೆ.

ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ. ಟ್ಯಾಂಕ್ ಕಡೆಯಿಂದ ಪಂಪ್ 2–3 ಸೆಕೆಂಡ್ ಗುಂಯ್ ಅನ್ನುತ್ತದೆ. ಆಫ್ ಮಾಡಿ, ಹೀಗೇ ಮೂರು ಸಲ. ಆಮೇಲೆ ತಟ್ಟನೆ ಸ್ಟಾರ್ಟ್ ಆದರೆ ಅನುಮಾನ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಅಥವಾ ಸೋರುವ ಇಂಜೆಕ್ಟರ್ ಮೇಲೆ. ಆಗದಿದ್ದರೆ ಕೂಲೆಂಟ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಸೆನ್ಸರ್‌ಗೆ ಮಲ್ಟಿಮೀಟರ್ ಹಿಡಿದು ರೋಧ ಅಳೆಯಿರಿ: ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80ಕ್ಕೆ 300ರ ಆಸುಪಾಸು. ತಣ್ಣಗಿದ್ದಾಗಲೇ 300 ತೋರಿಸಿದರೆ ಸೆನ್ಸರ್ ಹೋಗಿದೆ.