ಸಂಪಾದಕರ ಉತ್ತರ: ತಪ್ಪು ಉತ್ತರದ ಎದುರು ನಿಲ್ಲುವ ಅಭ್ಯಾಸ

ಮಾನ್ಯ ಮೇಷ್ಟ್ರೇ,

ಪಾಂಡವಪುರ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಮೈಸೂರಿನ ನಮ್ಮ ಕಚೇರಿಗೆ ತಲುಪಿ ಎರಡು ವಾರವಾಯಿತು. ಮೂರು ಸಲ ಓದಿದ ಮೇಲೆ ಉತ್ತರಿಸಲು ಕುಳಿತಿದ್ದೇನೆ. ಪೂರ್ತಿ ಪತ್ರಕ್ಕೆ ಇಲ್ಲಿ ಜಾಗವಿಲ್ಲದ ಕಾರಣ ಅದರ ತಿರುಳನ್ನು ಓದುಗರಿಗೆ ಹೇಳಿಬಿಡುತ್ತೇನೆ. ಪ್ರಾಥಮಿಕ ಶಾಲೆಗಳಲ್ಲಿ ಮುಂದೆ ವಿಜ್ಞಾನ ಕಲಿಸಲಿರುವವರನ್ನು ಅಣಕು ತರಗತಿಗಳ ಮೂಲಕ, ಅಂದರೆ ನಿಜವಾದ ಮಕ್ಕಳ ಬದಲು ಮಕ್ಕಳ ಪಾತ್ರ ವಹಿಸುವವರ ಅಥವಾ ಪರದೆಯ ಮೇಲಿನ ಮಕ್ಕಳ ಎದುರು ಪಾಠ ಮಾಡಿಸಿ ತಯಾರು ಮಾಡುವ ಪದ್ಧತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಲೇಖನ ಬಂದಿತ್ತು. ಅದನ್ನು ಓದಿ ನೀವು ಬರೆದಿದ್ದೀರಿ: ‘ಪರದೆಯ ಮೇಲಿನ ಗೊಂಬೆಗಳಿಗೆ ಪಾಠ ಮಾಡಿ ಮೇಷ್ಟ್ರಾಗುವುದು ದಡದ ಮೇಲೆ ಮಲಗಿ ಈಜು ಕಲಿತ ಹಾಗೆ. ಹಳ್ಳಿಯ ಶಾಲೆಗೆ ಕಳುಹಿಸಿ, ಮಕ್ಕಳೇ ಕಲಿಸುತ್ತಾರೆ.’

ಮಕ್ಕಳೇ ಕಲಿಸುತ್ತಾರೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಕಲಿಕೆಯ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ.

ಪತ್ರಿಕೆಗೆ ಬರುವ ಮೊದಲು ನಾನೂ ಶಿಕ್ಷಕ ತರಬೇತಿ ಪಡೆದವನು. ಅಭ್ಯಾಸ ಬೋಧನೆಗೆಂದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ಹಾಕಿದ್ದರು. ಐದನೆಯ ತರಗತಿಗೆ ಕರಗುವಿಕೆಯ ಪಾಠ. ಗಾಜಿನ ಲೋಟದ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿ, ಉಪ್ಪು ಎಲ್ಲಿ ಹೋಯಿತು ಎಂದು ಕೇಳಿದೆ. ಕಿಟಕಿಯ ಬಳಿ ಕುಳಿತಿದ್ದ ಹುಡುಗನೊಬ್ಬ ಎದ್ದು, ‘ಉಪ್ಪು ಇಲ್ಲವಾಯಿತು ಸಾರ್, ರುಚಿ ಮಾತ್ರ ಉಳಿದಿದೆ’ ಎಂದ. ನನ್ನ ಪಾಠ ಯೋಜನೆಯಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ‘ತಪ್ಪು, ಕುಳಿತುಕೋ’ ಎಂದೆ. ನಾನು ಅಲ್ಲಿ ಇದ್ದಷ್ಟು ದಿನವೂ ಆ ಹುಡುಗ ಮತ್ತೆ ಕೈ ಎತ್ತಲಿಲ್ಲ.

ಮೇಷ್ಟ್ರೇ, ಅವನು ಹೇಳಿದ್ದು ಪೆದ್ದು ಮಾತಲ್ಲ. ಆ ವಯಸ್ಸಿನ ಅನೇಕ ಮಕ್ಕಳು ಹಾಗೆಯೇ ಯೋಚಿಸುತ್ತಾರೆ: ಕಣ್ಣಿಗೆ ಕಾಣದ್ದು ಇಲ್ಲ, ಆದರೂ ನಾಲಿಗೆಗೆ ಏನೋ ಸಿಗುತ್ತಿದೆ. ಎರಡನ್ನೂ ಹೊಂದಿಸಲು ಆ ಹುಡುಗ ತಾನೇ ಒಂದು ವಿವರಣೆ ಕಟ್ಟಿಕೊಂಡಿದ್ದ. ಉಪ್ಪು ಹಾಕುವ ಮೊದಲು ಲೋಟವನ್ನೂ ಉಪ್ಪನ್ನೂ ತೂಗಿ, ಕರಗಿದ ಮೇಲೆ ಮತ್ತೆ ತೂಗಿದರೆ ಏನಾಗಬಹುದು ಎಂದು ನಾನು ಕೇಳಬಹುದಿತ್ತು. ಆ ನೀರನ್ನು ತಟ್ಟೆಗೆ ಸುರಿದು ಬಿಸಿಲಿಗೆ ಇಟ್ಟು, ನಾಳೆ ನೋಡೋಣ ಎನ್ನಬಹುದಿತ್ತು. ಇವೆಲ್ಲ ನನಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ. ಆ ಮಾತನ್ನು ನಾನು ಅದಕ್ಕೂ ಮೊದಲು ಎಲ್ಲಾದರೂ ಒಮ್ಮೆ ಕೇಳಿಸಿಕೊಂಡು ತಡವರಿಸಿದ್ದರೆ ಆ ಹುಡುಗ ಮತ್ತೆ ಕೈ ಎತ್ತುತ್ತಿದ್ದ.

ನಿಮ್ಮ ಕಾಲದಲ್ಲೂ ನನ್ನ ಕಾಲದಲ್ಲೂ ಇದಕ್ಕೆಂದೇ ಸೂಕ್ಷ್ಮ ಬೋಧನೆ (ಮೈಕ್ರೋಟೀಚಿಂಗ್) ಇತ್ತು, ಅಂದರೆ ಚಿಕ್ಕ ಗುಂಪಿನ ಎದುರು ಚಿಕ್ಕ ಪಾಠ ಮಾಡಿ ತಿದ್ದಿಕೊಳ್ಳುವ ಅಭ್ಯಾಸ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ್ದು ಅದು. ನಮ್ಮಲ್ಲಿ ಅದಕ್ಕೆ 36 ನಿಮಿಷಗಳ ಚಕ್ರ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ವಿಮರ್ಶೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಎದುರಿಗೆ ಮಕ್ಕಳ ಜಾಗದಲ್ಲಿ ಕುಳಿತವರು ನಮ್ಮ ಗೆಳೆಯರು. ಇಂದು ನಾನು ಅವನಿಗೆ ಸರಿಯುತ್ತರ ಕೊಟ್ಟರೆ ನಾಳೆ ಅವನು ನನಗೆ ಕೊಡುತ್ತಾನೆ. ಪೀಠಿಕೆಯ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧ. ದಡದ ಮೇಲಿನ ಈಜು ಎಂದು ನೀವು ಕರೆದದ್ದು ನಿಜಕ್ಕೂ ಅಲ್ಲಿ ನಡೆಯುತ್ತಿತ್ತು.

ನಾಲೆಯ ಸೀಮೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ, ನಮ್ಮ ಕಡೆ ಮಕ್ಕಳು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಬುರುಡೆ ಇದ್ದರೂ ಇಳಿಯುತ್ತಿದ್ದುದು ನೀರಿಗೇ. ಹಾಗಾದರೆ ಮೇಷ್ಟ್ರಿಗೆ ನೀರು ಯಾವುದು? ಮಗುವಿನ ಯೋಚನೆ ಎಂದು ನಾನು ಹೇಳುತ್ತೇನೆ. ಅಣಕು ತರಗತಿಯಲ್ಲಿ ಅದು ಇದ್ದರೆ ಪರದೆಯ ಗೊಂಬೆಯೂ ನೀರೇ. ಇಲ್ಲದಿದ್ದರೆ ಎಷ್ಟು ದುಬಾರಿಯ ಯಂತ್ರ ತಂದರೂ ಅದು ದಡವೇ.

ಫ್ಲಾರಿಡಾದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಟೀಚ್‌ಲೈವ್’ ಎಂಬ ವ್ಯವಸ್ಥೆಯ ಬಗ್ಗೆ ಲೇಖನದಲ್ಲಿ ಎರಡೇ ಸಾಲು ಇದ್ದವು, ಅದು ನಮ್ಮ ಲೋಪ. ಅಲ್ಲಿ ಪರದೆಯ ಮೇಲೆ ಐವರು ಮಕ್ಕಳ ಚಿತ್ರಗಳು ಕುಳಿತಿರುತ್ತವೆ. ಅವರ ಪರವಾಗಿ ಮಾತನಾಡುವುದು ತೆರೆಮರೆಯಲ್ಲಿರುವ ತರಬೇತಾದ ಒಬ್ಬ ಮನುಷ್ಯ. ನಮ್ಮ ತೊಗಲುಬೊಂಬೆಯಾಟದಲ್ಲಿ ಪರದೆಯ ಹಿಂದೆ ಒಬ್ಬರೇ ಕುಳಿತು ಹಲವು ಪಾತ್ರಗಳಿಗೆ ದನಿ ಕೊಡುವ ಹಾಗೆ. ಇದೇ ಬಗೆಯ ತಂತ್ರವನ್ನು ಬಳಸಿ ಪ್ರಾಥಮಿಕ ವಿಜ್ಞಾನದ ಚರ್ಚೆಗಳನ್ನು ನಡೆಸುವ ಅಭ್ಯಾಸಗಳೂ ರೂಪುಗೊಂಡಿವೆ. ಗುರುತು ತಿಳಿಯದ ಒಂದು ಬಿಳಿ ಪುಡಿ ಏನಿರಬಹುದು, ಅದನ್ನು ಪತ್ತೆ ಹಚ್ಚಲು ಯಾವ ಗುಣ ನೆರವಾಗುತ್ತದೆ ಎಂದು ಮಕ್ಕಳು ವಾದಿಸುತ್ತಿರುತ್ತಾರೆ. ಪ್ರಶಿಕ್ಷಣಾರ್ಥಿಯ, ಅಂದರೆ ತರಬೇತಿಯಲ್ಲಿರುವ ಶಿಕ್ಷಕರ ಕೆಲಸ ಉತ್ತರ ಹೇಳುವುದಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಮುಖಾಮುಖಿಯಾಗಿಸಿ ಚರ್ಚೆಯನ್ನು ಮುಂದಕ್ಕೆ ಒಯ್ಯುವುದು. ಎಡವಿದರೆ ಅದೇ ಐವರ ಎದುರು ಮತ್ತೆ ಮೊದಲಿನಿಂದ ಶುರು ಮಾಡಬಹುದು. ಹಳ್ಳಿಯ ಶಾಲೆಯಲ್ಲಿ ಆ ಹುಡುಗನ ಎದುರು ನನಗೆ ಸಿಗದೆ ಹೋದದ್ದು ಇದೇ ಎರಡನೆಯ ಅವಕಾಶ.

ಇಂಟರ್ನ್‌ಶಿಪ್ ಈಗಾಗಲೇ ಸಾಕಷ್ಟಿದೆ ಎಂದು ಬರೆದಿದ್ದೀರಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ 2014ರ ನಿಯಮಗಳ ನಂತರ ಎರಡು ವರ್ಷದ ಶಿಕ್ಷಕ ತರಬೇತಿ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು, ನಿಜ. ಅದರಲ್ಲಿ ಒಂದು ದಿನವನ್ನೂ ಕಡಿತ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಡಿ.ಎಡ್‌ಗೆ ಬರುವವರಲ್ಲಿ ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಇದ್ದಾರೆ. ಅವರು ವಿಜ್ಞಾನದ ಪುಸ್ತಕ ಮುಚ್ಚಿದ್ದು ಎಸ್ಸೆಸ್ಸೆಲ್ಸಿಗೆ. ಅವರಿಗೆ ಮಗುವಿನ ಪ್ರಶ್ನೆಯೆಂದರೆ ಭಯ. ಭಯಪಟ್ಟವರು ಬೇಗ ಉತ್ತರ ಹೇಳಿ ಮುಗಿಸುತ್ತಾರೆ. ಮೇರಿ ಬಡ್ ರೋವ್ ಎಂಬ ಸಂಶೋಧಕಿ 1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದಲ್ಲಿ ಪ್ರಾಥಮಿಕ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು ಇದು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತನಾಡಿದರು. ಮೂರು ಸೆಕೆಂಡು ಸುಮ್ಮನಿರುವುದು ಹೊಸ ಶಿಕ್ಷಕರಿಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಅದನ್ನು ರೂಢಿಸಿಕೊಳ್ಳಲು ಮಕ್ಕಳ ದಿನಗಳನ್ನು ಖರ್ಚು ಮಾಡಬೇಕೇ?

ಇದು ಪರದೇಶದ ಸರಕು ಎಂಬ ನಿಮ್ಮ ಆಕ್ಷೇಪಕ್ಕೆ ಮೈಸೂರು ಜಿಲ್ಲೆಯಲ್ಲೇ ಉತ್ತರವಿದೆ. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಮಕ್ಕಳು ಕಲಿಯುವ ನಲಿಕಲಿ ಪದ್ಧತಿಯನ್ನು ಆರಂಭಿಸಿದರು. ನೋಡಿದ್ದನ್ನು ಹಾಗೆಯೇ ತರದೆ ಇಲ್ಲಿನ ಮಕ್ಕಳ ಹಾಡು, ಆಟ, ಮಾತು ಸೇರಿಸಿ ಕಾರ್ಡುಗಳನ್ನು ತಾವೇ ಬರೆದರು. ಅಣಕು ತರಗತಿಗೂ ಆಗಬೇಕಾದದ್ದು ಅದೇ. ಕಂಪ್ಯೂಟರೇ ಬೇಕೆಂದಿಲ್ಲ. ಹಣವಿಲ್ಲ ಎಂಬ ನಿಮ್ಮ ಮಾತನ್ನು ನಾನು ವಿವಾದಿಸುವುದಿಲ್ಲ.

ನನ್ನ ಸಲಹೆ ಇಷ್ಟು. ಇಂಟರ್ನ್‌ಶಿಪ್‌ಗೆ ಹೋದ ಪ್ರತಿಯೊಬ್ಬರೂ ಮಕ್ಕಳ ಬಾಯಿಂದ ಬಂದ ಮಾತನ್ನು ಒಂದಕ್ಷರ ತಿದ್ದದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಅವೇ ಮುಂದಿನ ವರ್ಷದವರಿಗೆ ಕಾರ್ಡುಗಳಾಗಲಿ. ಒಬ್ಬರು ಪಾಠ ಮಾಡುತ್ತಾರೆ, ಐವರು ತಲಾ ಒಂದು ಕಾರ್ಡಿನ ಮಗುವಾಗುತ್ತಾರೆ. ಅವರಿಗೆ ಒಂದೇ ನಿಯಮ: ಆ ಮಗುವನ್ನು ಅಲುಗಿಸುವಂಥ ಪ್ರಶ್ನೆಯೋ ಪ್ರಯೋಗವೋ ಎದುರಾಗುವವರೆಗೆ ತನ್ನ ಮಾತನ್ನು ಬಿಟ್ಟುಕೊಡಬಾರದು. ಗೆಳೆತನಕ್ಕಾಗಿ ಸರಿಯುತ್ತರ ಕೊಡುವ ಹಳೆಯ ರೋಗಕ್ಕೆ ಮದ್ದು ಇದು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಇಂಥ ಮಕ್ಕಳನ್ನು ಸೃಷ್ಟಿಸುವ ಪ್ರಯತ್ನಗಳು ನಡೆದಿವೆ; ಅಲ್ಲೂ ಇದೇ ತೊಂದರೆ, ಯಂತ್ರದ ಮಗು ಬಹಳ ಬೇಗ ಒಪ್ಪಿಕೊಂಡುಬಿಡುತ್ತದೆ. ಏಳನೆಯವರೊಬ್ಬರು ಗಡಿಯಾರ ಹಿಡಿದು, ಶಿಕ್ಷಕರು ಎಷ್ಟು ಹೊತ್ತು ಕಾದರು, ಯಾರ ಮಾತನ್ನು ಅರ್ಧಕ್ಕೆ ತಡೆದರು ಎಂದು ಬರೆದುಕೊಳ್ಳಲಿ.

ಹಸಿದು ಬಂದ ಮಗು, ಒಂದೇ ಕೋಣೆಯಲ್ಲಿ ಮೂರು ತರಗತಿಗಳು, ಮೇಜಿನ ಮೇಲೆ ಚೆಲ್ಲಿದ ನೀರು, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅದಕ್ಕೆ ನೀವು ಹೇಳಿದ ಹಳ್ಳಿಯ ಶಾಲೆಯೇ ಬೇಕು.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ ನೀವು ಬೇರೇನನ್ನೋ ಹೇಳುತ್ತ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಮಾತನ್ನು ನೆನೆದಿದ್ದೀರಿ. ಮಕ್ಕಳನ್ನು ಆಲೆಮನೆಗೆ ಕರೆದುಕೊಂಡು ಹೋಗಿದ್ದಿರಿ. ಕೊಪ್ಪರಿಗೆ ತುಂಬ ಇದ್ದ ಕಬ್ಬಿನ ಹಾಲು ಕುದಿದು ಇಷ್ಟೇ ಬೆಲ್ಲವಾಯಿತಲ್ಲ, ನೀರೆಲ್ಲ ಎಲ್ಲಿ ಹೋಯಿತು ಎಂದು ಕೇಳಿದಿರಿ. ಅವಳು, ‘ಬೆಲ್ಲದ ಒಳಗೇ ಅಡಗಿ ಕುಳಿತಿದೆ, ಮಳೆಗಾಲ ಬಂದರೆ ಹೊರಗೆ ಬರುತ್ತದೆ’ ಎಂದಳು. ಈ ಸಾಲನ್ನು ಓದಿ ನಾನು ಪತ್ರವನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತಿದ್ದೆ. ಬೆಲ್ಲದಲ್ಲಿ ಅಷ್ಟಿಷ್ಟು ತೇವ ಉಳಿದಿರುವುದು ನಿಜ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ನೀರೊಡೆಯುವುದನ್ನು ಅವಳು ಮನೆಯಲ್ಲಿ ಕಂಡಿದ್ದಾಳೆ. ಅದು ಗಾಳಿಯಿಂದ ಎಳೆದುಕೊಂಡ ತೇವ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ. ಎದುರಿಗೆ ಹಬೆ ಏಳುತ್ತಿದ್ದರೂ ಅವಳ ಲೆಕ್ಕದಲ್ಲಿ ಅದು ನೀರಲ್ಲ. ‘ತಪ್ಪು, ಆವಿಯಾಯಿತು’ ಎಂದು ಎರಡು ಪದಗಳಲ್ಲಿ ಮುಗಿಸುವವರಿಗೆ ಇದಾವುದೂ ಕಾಣುವುದಿಲ್ಲ. ನಮ್ಮ ಜಿಲ್ಲೆಗಳ ಪ್ರತಿ ಪ್ರಶಿಕ್ಷಣಾರ್ಥಿಯೂ ಈ ಹುಡುಗಿಯ ಎದುರು ಒಮ್ಮೆ ನಿಲ್ಲಬೇಕು ಎಂದು ನನಗೆ ಅನ್ನಿಸಿತು. ಮೊದಲ ಕಾರ್ಡನ್ನು ನೀವೇ ಬರೆದುಕೊಟ್ಟಿದ್ದೀರಿ.

ಆದರೆ ಅವಳಿಗೆ ನೀವು ಮುಂದೆ ಏನು ಕೇಳಿದಿರಿ ಎಂಬುದನ್ನು ಬರೆದಿಲ್ಲ. ದಯವಿಟ್ಟು ಬರೆದು ಕಳುಹಿಸಿ. ನಿಮ್ಮ ಹಳೆಯ ನೋಟ್‌ಬುಕ್ಕುಗಳಲ್ಲಿ ಇಂಥ ಮಾತುಗಳು ಇನ್ನೂ ಇದ್ದರೆ ಅವನ್ನೂ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗೆಂದು ಎರಡು ಪುಟ ಖಾಲಿ ಇಟ್ಟಿದ್ದೇನೆ.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,
ಸಂಪಾದಕ