ಪ್ರತಿಕ್ರಿಯೆ: ಇ-ಪುಸ್ತಕ ಓದುವಾಗ ಟ್ಯಾಬ್ಲೆಟ್‌ನ ಬ್ಯಾಟರಿ ಬೇಗ ಮುಗಿಯುವುದು

ಕಪ್ಪು ಹಿನ್ನೆಲೆಯಲ್ಲಿ ಇ-ಪುಸ್ತಕ ಓದಿದರೂ ನಿಮ್ಮ ಅಗ್ಗದ ಟ್ಯಾಬ್ಲೆಟ್‌ನ ಬ್ಯಾಟರಿ ನಾಲ್ಕೇ ಗಂಟೆಗೆ ಏಕೆ ಬರಿದಾಗುತ್ತಿದೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಪರದೆಯ ಹಿಂಬೆಳಕೇ ಕಾರಣ. ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯವಾಗಿ ಎಲ್‌ಸಿಡಿ ಪರದೆ ಇರುತ್ತದೆ. ಅದರಲ್ಲಿ ಪುಟ ಕಪ್ಪಾಗಿದ್ದರೂ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ, ಓಎಲ್‌ಇಡಿ ಪರದೆಯಲ್ಲಿ (ಅದರ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕಪ್ಪು ಭಾಗ ಆರಿರುತ್ತದೆ) ಆಗುವಂತಹ ಉಳಿತಾಯ ಇಲ್ಲಿ ಆಗುವುದಿಲ್ಲ.

ಆದ್ದರಿಂದ ಮೊದಲು ಹೊಳಪನ್ನು ಕಣ್ಣಿಗೆ ಆಯಾಸವಾಗದಷ್ಟರ ಮಟ್ಟಿಗೆ ತಗ್ಗಿಸಿ. ಓದುವ ಆ್ಯಪ್‌ಗೆ ತನ್ನದೇ ಹೊಳಪಿನ ಹೊಂದಿಕೆ ಇದ್ದರೆ ಅದು ವ್ಯವಸ್ಥೆಯ ಹೊಂದಿಕೆಯನ್ನು ಮೀರಿ ನಡೆಯಬಹುದು, ಅದನ್ನೂ ನೋಡಿ. ನನ್ನ ಟ್ಯಾಬ್ಲೆಟ್‌ನಲ್ಲಿ ತೊಂದರೆ ಇದ್ದದ್ದು ಅಲ್ಲಿಯೇ. ಬಳಿಕ ಪುಸ್ತಕವನ್ನು ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿ ಓದಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಪ್ರತಿ ಪುಟವೂ ಒಂದು ದೊಡ್ಡ ಚಿತ್ರವಾಗಿದ್ದು ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುತ್ತದೆ, ಹೀಗಾಗಿ ಅದೇ ಪುಸ್ತಕ ಇಪಬ್ ರೂಪದಲ್ಲಿ (ಪುಟಗಳು ಚಿತ್ರವಾಗಿರದೆ ಅಕ್ಷರಗಳಾಗಿಯೇ ಇರುವ ಇ-ಪುಸ್ತಕದ ಕಡತ) ದೊರೆತರೆ ಅದನ್ನೇ ಆರಿಸಿಕೊಳ್ಳಿ.

ಇಷ್ಟು ಮಾಡಿ ಒಂದು ಗಂಟೆ ಓದಿದ ನಂತರ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗವನ್ನು ತೆರೆಯಿರಿ. ಅಲ್ಲಿನ ಬಳಕೆಯ ಪಟ್ಟಿಯಲ್ಲಿ ಪರದೆಗಿಂತ ಹೆಚ್ಚು ಬ್ಯಾಟರಿಯನ್ನು ಬೇರೊಂದು ಆ್ಯಪ್ ಬಳಸಿದ್ದರೆ ಅದರ ಹಿನ್ನೆಲೆ ಚಟುವಟಿಕೆಯನ್ನು ನಿರ್ಬಂಧಿಸಿ. ಅಂತಹದ್ದೇನೂ ಕಾಣದೆ, ಚಾರ್ಜ್ ಇನ್ನೂ ಶೇಕಡಾ 30ರ ಆಸುಪಾಸಿನಲ್ಲಿರುವಾಗಲೇ ಟ್ಯಾಬ್ಲೆಟ್ ಥಟ್ಟನೆ ಆರಿಹೋಗುತ್ತಿದ್ದರೆ, ಬ್ಯಾಟರಿಯೇ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಅದನ್ನು ಬದಲಿಸುವುದೊಂದೇ ದಾರಿ. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಂತೆ ಕಂಡರೆ ಮಾತ್ರ ದಯವಿಟ್ಟು ಚಾರ್ಜ್ ಮಾಡಬೇಡಿ, ನೇರವಾಗಿ ದುರಸ್ತಿಗೆ ಒಯ್ಯಿರಿ.