ಮದ್ದೇ ಇಲ್ಲದ ಕಾಲದಲ್ಲಿ ನರ್ಸ್‌ಗಳಿಂದ ಏನು ಉಪಯೋಗವಾಗಿತ್ತು?

ತುಂಬಾನೇ ಆಗಿತ್ತು. 1854ರಲ್ಲಿ ಇಂಗ್ಲೆಂಡಿನ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 38 ಮಹಿಳೆಯರ ಜೊತೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರು ಅಲ್ಲಿ ಗಾಯಕ್ಕಿಂತ ಜಾಸ್ತಿ ಕಾಲರಾ, ಟೈಫಸ್ ಜ್ವರ, ಭೇದಿಯಿಂದ ಸಾಯುತ್ತಿದ್ದರು. ನರ್ಸ್‌ಗಳಿಂದ ಶುಚಿಯಾದ ಬಟ್ಟೆ, ಒಳ್ಳೆ ಊಟ ಸಿಕ್ಕಿತು. ಆದರೆ ಸಾವು ಚೆನ್ನಾಗಿ ಇಳಿದದ್ದು 1855ರಲ್ಲಿ ಚರಂಡಿ ತೊಳೆಸಿದ ಮೇಲೆ. ಇದನ್ನು ಜನ ಮರೆತೇಬಿಡುತ್ತಾರೆ.

ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರಿನ ಕುದುರೆ ಸವಾರರು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ್ದು 1918ರ ಸೆಪ್ಟೆಂಬರ್‌ನಲ್ಲಿ, ಅಲ್ವಾ? ಅದೇ ಹೊತ್ತಿಗೆ ಇಲ್ಲಿ ಫ್ಲೂ ಹಬ್ಬುತ್ತಿತ್ತು. ಆ್ಯಂಟಿಬಯಾಟಿಕ್ ಇರಲಿಲ್ಲ. ಗಂಜಿ ಕುಡಿಸುವುದು, ಹಣೆಗೆ ಒದ್ದೆ ಬಟ್ಟೆ ಹಾಕುವುದು, ಕಿಟಕಿ ತೆರೆದಿಡುವುದು, ಇದೇ ಚಿಕಿತ್ಸೆ. ಎದ್ದು ನೀರು ಕುಡಿಯಲೂ ಆಗದವರ ಪಕ್ಕ ಒಬ್ಬರು ಕೂತಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.